ಪಾರ್ಲರ್‌ನ ಕೆಮಿಕಲ್: ಗ್ಲೌಸಾ, ಮಾಸ್ಕಾ, ಎಕ್ಸಾಸ್ಟ್ ಫ್ಯಾನಾ? ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು

ಹೋದ ತಿಂಗಳು ಇಬ್ಬರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ದಾವಣಗೆರೆಯ ಒಂದು ಪಾರ್ಲರ್‌ನಲ್ಲಿ ಕೆಲಸಕ್ಕಿರುವ ಹುಡುಗಿ. "ಅಕ್ಕಾ, ಕೈಯೆಲ್ಲ ಬಿರುಕು ಬಿಟ್ಟಿದೆ. ಸ್ಮೂದನಿಂಗ್ ಇದ್ದ ದಿನ ಕಣ್ಣು ಉರಿ, ಗಂಟಲು ಕೆರೆತ. ನನ್ನ ಹತ್ರ ಐನೂರು ರೂಪಾಯಿ ಇದೆ. ಮಾಸ್ಕ್ ತಗೊಳ್ಲಾ, ಗ್ಲೌಸ್ ತಗೊಳ್ಲಾ?" ಇನ್ನೊಬ್ಬರು ಹಾಸನದಲ್ಲಿ ಎರಡು ಕುರ್ಚಿಯ ಪಾರ್ಲರ್ ನಡೆಸುವವರು. ಅವರ ಕೈಯಲ್ಲಿ ಹತ್ತು ಸಾವಿರ ಇತ್ತು. ಏರ್ ಪ್ಯೂರಿಫೈಯರ್ ಕೊಳ್ಳಲು ಅಂಗಡಿಯವರು ಒತ್ತಾಯ ಮಾಡುತ್ತಿದ್ದರಂತೆ.

ಇಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಈಗ ಶಿವಮೊಗ್ಗದಲ್ಲಿ ನನ್ನದೇ ಸಣ್ಣ ಪಾರ್ಲರ್ ಇದೆ. ಮೊದಲು ಕೆಲಸಕ್ಕೆ ಸೇರಿದ ಕಡೆ ದಿನಕ್ಕೆ ಹದಿನೈದು ತಲೆ ತೊಳೆಯುತ್ತಿದ್ದೆ, ಬರಿಗೈಯಲ್ಲಿ ಕಲರ್ ಕಲಸುತ್ತಿದ್ದೆ. ಮೂರನೇ ತಿಂಗಳಿಗೆ ಬೆರಳ ಸಂದಿಯ ಚರ್ಮ ಕೆಂಪಾಗಿ ಒಣಗಿತು. ಬೆಳಿಗ್ಗೆ ಎದ್ದು ಮುಷ್ಟಿ ಹಿಡಿದರೆ ಸೀಳುತ್ತಿತ್ತು. ಅನ್ನಕ್ಕೆ ಸಾರು ಕಲಸಿದರೆ ಖಾರ ಆ ಸೀಳಿನೊಳಗೆ ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಎರಡು ವರ್ಷ ಚಮಚದಲ್ಲಿ ಊಟ ಮಾಡಿದ್ದೇನೆ. "ಎಲ್ಲರಿಗೂ ಹೀಗೇ ಆಗೋದು, ಅಭ್ಯಾಸ ಆಗುತ್ತೆ" ಎಂದರು ಅಲ್ಲಿನ ಮೇಡಂ. ಅಭ್ಯಾಸ ಆಗಲಿಲ್ಲ. ಹಾಗಾಗಿ ಇದನ್ನು ಬರೆಯುವಾಗ ಸ್ವಲ್ಪ ಒತ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ

ಯಾವ ವಸ್ತು ಕೊಳ್ಳುವ ಮೊದಲೂ ನಾಲ್ಕು ವಿಷಯ ನೋಡಿ.

ಮೊದಲನೆಯದು, ಕೆಮಿಕಲ್ ಮೈಗೆ ಸೇರುವ ದಾರಿ. ಹೇರ್ ಕಲರ್ ಚರ್ಮದ ಮೂಲಕ ತೊಂದರೆ ಕೊಡುತ್ತದೆ. ಬ್ಲೀಚ್ ಪೌಡರ್ ಪುಡಿಯಾಗಿ ಹಾರಿ ಉಸಿರಿಗೆ ಸೇರುತ್ತದೆ. ಕೂದಲು ನೇರ ಮಾಡುವ ಸ್ಟ್ರೇಟನಿಂಗ್, ಸ್ಮೂದನಿಂಗ್‌ನದು ಆವಿ. ಪುಡಿಯನ್ನು ತಡೆಯುವ ವಸ್ತು ಆವಿಯನ್ನು ತಡೆಯುವುದಿಲ್ಲ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಎರಡನೆಯದು, ಅದು ಯಾರನ್ನು ಕಾಯುತ್ತದೆ? ಮಾಸ್ಕ್ ಹಾಕಿಕೊಂಡವರನ್ನು ಮಾತ್ರ ಕಾಯುತ್ತದೆ. ಪಕ್ಕದಲ್ಲಿ ಥ್ರೆಡ್ಡಿಂಗ್ ಮಾಡುವ ಹುಡುಗಿ, ಕುರ್ಚಿಯಲ್ಲಿ ಕೂತ ಗಿರಾಕಿ, ಅವರ ಮಡಿಲಲ್ಲಿರುವ ಮಗು, ಇವರೆಲ್ಲ ಅದೇ ಗಾಳಿ ಕುಡಿಯುತ್ತಿರುತ್ತಾರೆ.

ಮೂರನೆಯದು, ಒಂದು ಸಲದ ಖರ್ಚಾ, ತಿಂಗಳು ತಿಂಗಳಿನದಾ?

ನಾಲ್ಕನೆಯದು, ಶನಿವಾರ ಭಾನುವಾರ ಗಿರಾಕಿಗಳು ಸಾಲಾಗಿ ಕೂತಿರುವಾಗಲೂ ಅದನ್ನು ಬಳಸುತ್ತೀರಾ? ಡ್ರಾಯರ್‌ನಲ್ಲಿ ಬಿದ್ದಿರುವ ಒಳ್ಳೆಯ ಮಾಸ್ಕ್‌ಗಿಂತ ಕೈಗೆ ಹಾಕಿಕೊಂಡಿರುವ ಸಾಧಾರಣ ಗ್ಲೌಸ್ ಮೇಲು.

ಮೊದಲ ಆಯ್ಕೆ: ಮಾಡುವ ಕೆಲಸವನ್ನೇ ಬದಲಿಸುವುದು

ಇದಕ್ಕೆ ಒಮ್ಮೊಮ್ಮೆ ಒಂದು ರೂಪಾಯಿಯೂ ಬೇಕಾಗಿಲ್ಲ, ಒಮ್ಮೊಮ್ಮೆ ತಿಂಗಳ ವ್ಯಾಪಾರವೇ ಕಮ್ಮಿಯಾಗುತ್ತದೆ. ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಕೂದಲು ನೇರ ಮಾಡುವ ಕೆಲಸ ಮೊದಲು ನೋಡೋಣ. ಗಿರಾಕಿಗಳು ಕೆರಾಟಿನ್, ಸ್ಮೂದನಿಂಗ್, ಬೊಟಾಕ್ಸ್, ರೀಬಾಂಡಿಂಗ್ ಎಂದು ಏನೇ ಹೆಸರು ಹೇಳಲಿ, ಒಳಗಿರುವ ಮದ್ದು ಮುಖ್ಯವಾಗಿ ಮೂರು ಥರ.

ಒಂದು, ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುವಂಥದ್ದು. ಕೂದಲಿಗೆ ಹಚ್ಚಿ, ಬ್ಲೋ ಡ್ರೈ ಮಾಡಿ, 230 ಡಿಗ್ರಿ ಬಿಸಿಯ ಐರನ್ ಎಳೆದಾಗ ಬೆಳ್ಳಗೆ ಹೊಗೆ ಏಳುತ್ತದಲ್ಲ, ಆ ಹೊಗೆಯ ಜೊತೆ ಈ ಅನಿಲ ಬರುತ್ತದೆ. ಗಿರಾಕಿ ಅದನ್ನು ವರ್ಷಕ್ಕೆ ಒಂದೆರಡು ಸಲ ಉಸಿರಾಡಬಹುದು. ನಾವು ವಾರಕ್ಕೆ ನಾಲ್ಕೈದು ಸಲ, ಮುಖ ಬಗ್ಗಿಸಿ ಉಸಿರಾಡುತ್ತೇವೆ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮೊದಲನೇ ಗುಂಪಿಗೆ, ಅಂದರೆ ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಅಮೆರಿಕದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು 0.75 ಭಾಗ ದಾಟಬಾರದು ಎಂಬ ಕಾನೂನಿದೆ. ವಾಸನೆ ನೋಡಿ ಹೇಳುತ್ತೇನೆ ಅಂದುಕೊಳ್ಳಬೇಡಿ. ಮೂಗು ಬೇಗ ಒಗ್ಗಿಬಿಡುತ್ತದೆ.

ಲೇಬಲ್ ಮೇಲೆ 'ಫಾರ್ಮಾಲ್ಡಿಹೈಡ್ ಇಲ್ಲ' ಅಂತ ಬರೆದಿದೆ ಎನ್ನುತ್ತೀರಾ? 2010ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ಹಾಗೆ ಬರೆದಿದ್ದ ಬಾಟಲಿಗಳನ್ನೇ ಸಲೂನ್‌ಗಳಿಂದ ತಂದು ಪರೀಕ್ಷೆ ಮಾಡಿಸಿತು. ಸರಾಸರಿ ಶೇ 8ಕ್ಕೂ ಜಾಸ್ತಿ ಫಾರ್ಮಾಲ್ಡಿಹೈಡ್ ಸಿಕ್ಕಿತು. ಅಲ್ಲೂ ಇದು ಹೊರಗೆ ಬಂದದ್ದು ಸಲೂನ್ ಕೆಲಸದವರು ಉಸಿರಾಟದ ತೊಂದರೆ ಎಂದು ದೂರಿದ ಮೇಲೆಯೇ. ಆದ್ದರಿಂದ ಬಾಟಲಿಯ ಮುಂಭಾಗ ಓದಬೇಡಿ, ಹಿಂಭಾಗದ ಸಣ್ಣ ಅಕ್ಷರ ಓದಿ. ಫಾರ್ಮಾಲಿನ್, ಮೀಥಿಲೀನ್ ಗ್ಲೈಕಾಲ್, ಮೆಥೇನ್‌ಡಯಾಲ್, ಮೆಥನ್ಯಾಲ್ (methanal; methanol ಅಂದರೆ ಮೆಥನಾಲ್ ಬೇರೆ ವಸ್ತು), ಇವುಗಳಲ್ಲಿ ಯಾವ ಹೆಸರಿದ್ದರೂ ಅದೇ ವಸ್ತು. ಅಕ್ಷರ ಗೊತ್ತಾಗದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಲೇಬಲ್ಲೇ ಇಲ್ಲದ, ಬೇರೆ ಡಬ್ಬಿಗೆ ಸುರಿದು ಕೊಟ್ಟ ಮಾಲು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಎರಡು, ಗ್ಲೈಆಕ್ಸಿಲಿಕ್ ಆಸಿಡ್ ಇರುವಂಥದ್ದು. ಈಗ 'ಸೇಫ್ ಕೆರಾಟಿನ್' ಎಂದು ಬರುವ ಬಹಳಷ್ಟು ಮಾಲು ಇದೇ. ಹೊಗೆಯ ಘಾಟು ಕಮ್ಮಿ, ನಿಜ. ಆದರೆ ಐರನ್ ಬಿಸಿಗೆ ಇದೂ ಸ್ವಲ್ಪ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಇನ್ನೊಂದು ವಿಷಯ ಗಿರಾಕಿಗೆ ಸಂಬಂಧಿಸಿದ್ದು. ಇಸ್ರೇಲಿನ ವೈದ್ಯರು 2019ರಿಂದ 2022ರ ನಡುವೆ ಕೂದಲು ನೇರ ಮಾಡಿಸಿಕೊಂಡ ಮೇಲೆ ಕಿಡ್ನಿ ಏಟು ತಿಂದ 26 ಜನರ ವಿವರ ಪ್ರಕಟಿಸಿದ್ದಾರೆ. ಈ ಆಸಿಡ್ ಚರ್ಮದಿಂದ ಒಳಗೆ ಇಳಿದು ಆಕ್ಸಲೇಟ್ ಎಂಬ ವಸ್ತುವಾಗಿ, ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ ಎಂದು ಆಮೇಲೆ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡಿತು. ಮೊದಲನೆಯದಕ್ಕಿಂತ ಇದು ಮೇಲು ಎನ್ನಬಹುದು. ಸೇಫ್ ಎನ್ನಲಾರೆ.

ಮೂರು, ಹಳೆಯ ಕಾಲದ ರೀಬಾಂಡಿಂಗ್ ಕ್ರೀಮ್. ಇದರಲ್ಲಿರುವುದು ಅಮೋನಿಯಂ ಥಯೋಗ್ಲೈಕೊಲೇಟ್, ಆಮೇಲೆ ನ್ಯೂಟ್ರಲೈಸರ್. ಕೊಳೆತ ಮೊಟ್ಟೆಯ ಹಾಗೆ ನಾತ, ಕಣ್ಣು ಚುರುಚುರು. ಐದಾರು ಗಂಟೆಯ ಕೆಲಸ. ಕೈಗೆ ತಾಗಿದರೆ ಉರಿ, ಅಲರ್ಜಿ ಆಗುತ್ತದೆ. ಆದರೆ ಫಾರ್ಮಾಲ್ಡಿಹೈಡ್ ಇಲ್ಲ. ಒಳ್ಳೆಯ ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ಮಾಡಿದರೆ ಮೂರರಲ್ಲಿ ನಮ್ಮ ಮೈಗೆ ಇದೇ ಕಡಿಮೆ ಕಷ್ಟ ಎಂಬುದು ನನ್ನ ಲೆಕ್ಕ. ನಾತ ಜಾಸ್ತಿ ಇದ್ದದ್ದಕ್ಕೆಲ್ಲ ಅಪಾಯವೂ ಜಾಸ್ತಿ ಅಲ್ಲ, ಘಮ ಇದ್ದದ್ದೆಲ್ಲ ಒಳ್ಳೆಯದೂ ಅಲ್ಲ.

ನಾನು ಮೊದಲನೇ ಥರದ್ದನ್ನು ಪೂರ್ತಿ ನಿಲ್ಲಿಸಿದೆ. ಮದುವೆ ಸೀಸನ್‌ನಲ್ಲಿ ಅದರಿಂದ ವ್ಯಾಪಾರ ಹೋಯಿತು, ಸುಳ್ಳು ಹೇಳುವುದಿಲ್ಲ. ನಿಲ್ಲಿಸಲು ಆಗದವರು ಇಷ್ಟಾದರೂ ಮಾಡಿ: ವಾರಕ್ಕೆ ಒಂದೇ ದಿನ ಇಟ್ಟುಕೊಳ್ಳಿ, ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾಡಿ, ಒಬ್ಬಳಿಗೇ ಆ ಕೆಲಸ ಕಟ್ಟಬೇಡಿ. ಬಸುರಿ ಹುಡುಗಿಯನ್ನು ಅದರ ಹತ್ತಿರಕ್ಕೂ ಕಳಿಸಬೇಡಿ.

ಇನ್ನು ಕಲರ್. ಮಾಮೂಲಿ ಕಪ್ಪು ಹೇರ್ ಕಲರ್‌ನಲ್ಲಿ ಪಿಪಿಡಿ, ಅಂದರೆ ಪ್ಯಾರಾ ಫೀನೈಲೀನ್ ಡಯಾಮೈನ್ ಇರುತ್ತದೆ. ಅಲರ್ಜಿ ತರುವುದರಲ್ಲಿ ಇದಕ್ಕೆ ದೊಡ್ಡ ಹೆಸರು. ಒಮ್ಮೆ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಆಮೇಲೆ ಈ ಕೆಲಸವೇ ಕಷ್ಟ.

'ಅಮೋನಿಯಾ ಫ್ರೀ' ಕಲರ್ ತಗೊಂಡರೆ ಸಾಕಾ ಎಂದು ಬಹಳ ಜನ ಕೇಳುತ್ತಾರೆ. ಮೂಗಿಗೆ ಸುಖ, ಅಷ್ಟೇ. ಅಮೋನಿಯಾ ಬದಲು ಎಥನಾಲಮೈನ್ ಹಾಕಿರುತ್ತಾರೆ, ಅದು ಆವಿಯಾಗುವುದು ಕಮ್ಮಿ. ಪಿಪಿಡಿ ಅಥವಾ ಅದರ ಅಣ್ಣತಮ್ಮಂದಿರು ಅದರಲ್ಲೂ ಇರುತ್ತಾರೆ. ಕೈಗೆ ವ್ಯತ್ಯಾಸ ಏನೂ ಇಲ್ಲ. ಗಾಳಿ ಆಡದ ರೂಮಿನವರು, ಉಬ್ಬಸ ಇರುವವರು ಇದನ್ನು ಆರಿಸಿಕೊಳ್ಳಬಹುದು. ಕೈ ಬಿರುಕಿನವರು ಇದಕ್ಕೆ ಜಾಸ್ತಿ ದುಡ್ಡು ಕೊಡುವುದು ವೇಸ್ಟ್.

ಮದರಂಗಿ ಒಳ್ಳೆಯದೇ, ಅದು ಬರೀ ಎಲೆಯ ಪುಡಿಯಾಗಿದ್ದರೆ. ಬರೀ ಎಲೆ ಕೆಂಪು ಕೇಸರಿ ಬಣ್ಣ ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಕಪ್ಪು ಬೇಕಾದರೆ ಮೇಲೆ ಇಂಡಿಗೋ ಪುಡಿ ಹಾಕಬೇಕು, ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಕಡುಗಪ್ಪು ಆಗುವ 'ಹರ್ಬಲ್ ಬ್ಲ್ಯಾಕ್ ಮೆಹಂದಿ' ಪೊಟ್ಟಣ ಕಂಡರೆ ಹಿಂದೆ ತಿರುಗಿಸಿ ನೋಡಿ, ಪಿಪಿಡಿ ಇದ್ದೇ ಇರುತ್ತದೆ ಅಂದುಕೊಂಡೇ ಗ್ಲೌಸ್ ಹಾಕಿ.

ಬ್ಲೀಚ್ ಪೌಡರ್‌ನಲ್ಲಿ ಪರ್‌ಸಲ್ಫೇಟ್ ಇರುತ್ತದೆ. ಹೇರ್ ಡ್ರೆಸರ್‌ಗಳಿಗೆ ಕೆಲಸದಿಂದ ಬರುವ ಆಸ್ತಮಾಕ್ಕೆ ಮುಖ್ಯ ಕಾರಣ ಇದೇ. ಹಗುರ ಪುಡಿ, ಡಬ್ಬಿ ತೆಗೆದ ಕೂಡಲೇ ಹಾರುತ್ತದೆ. ಇಲ್ಲಿ ಆಯ್ಕೆ ಸುಲಭ: ಸ್ವಲ್ಪ ದುಡ್ಡು ಜಾಸ್ತಿಯಾದರೂ 'ಡಸ್ಟ್ ಫ್ರೀ' ಅಥವಾ ಕ್ರೀಮ್ ರೂಪದ್ದು ತಗೊಳ್ಳಿ. ಫ್ಯಾನ್ ಕೆಳಗೆ ಕಲಸಬೇಡಿ.

ಎರಡನೇ ಆಯ್ಕೆ: ಗಾಳಿ

ಹೆಂಗಸರ ಪಾರ್ಲರ್ ಹೇಗಿರುತ್ತದೆ ಗೊತ್ತಲ್ಲ. ಗಾಜಿನ ಬಾಗಿಲಿಗೆ ಸ್ಟಿಕ್ಕರ್, ಒಳಗೆ ಪರದೆ, ಕಿಟಕಿ ಇದ್ದರೂ ಹಲಗೆ ಬಡಿದು ಮುಚ್ಚಿರುತ್ತಾರೆ. ಮರ್ಯಾದೆಯ ಪ್ರಶ್ನೆ, ಅದು ಬೇಕು. ಆದರೆ ಗಾಳಿಯೂ ಬೇಕಲ್ವಾ? ಇಲ್ಲಿ ನಾಲ್ಕು ದಾರಿ ಇವೆ.

ಎಸಿ ಇದೆ, ಸಾಕು ಅನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿರುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಬೆಳಿಗ್ಗೆಯ ಸ್ಟ್ರೇಟನಿಂಗ್ ಹೊಗೆಯನ್ನು ಮಧ್ಯಾಹ್ನದ ಫೇಶಿಯಲ್ ಗಿರಾಕಿಯೂ ಉಸಿರಾಡುತ್ತಾರೆ. ಸೀಲಿಂಗ್ ಫ್ಯಾನ್, ಟೇಬಲ್ ಫ್ಯಾನ್ ಕಥೆಯೂ ಅದೇ, ಹರಡುತ್ತವೆ ಅಷ್ಟೇ.

ಏರ್ ಪ್ಯೂರಿಫೈಯರ್‌ನಲ್ಲಿರುವ ಹೆಪಾ ಫಿಲ್ಟರ್ ಪುಡಿ, ಕೂದಲ ಚೂರು, ಉಗುರು ಉಜ್ಜಿದ ಧೂಳು ಹಿಡಿಯುತ್ತದೆ. ಫಾರ್ಮಾಲ್ಡಿಹೈಡ್ ಅನಿಲ ಅದರೊಳಗೆ ನುಸುಳಿ ಹೋಗುತ್ತದೆ. ಅನಿಲ ಹೀರುವ ಕಾರ್ಬನ್ ಪದರ ಇದ್ದರೂ ಮನೆ ಬಳಕೆಯ ಮೆಷಿನ್‌ನಲ್ಲಿ ಅದು ತೆಳುವಾಗಿರುತ್ತದೆ, ಬೇಗ ತುಂಬಿಹೋಗುತ್ತದೆ. ಹಾಸನದವರಿಗೆ ನಾನು ಬೇಡವೇ ಬೇಡ ಎಂದೆ.

ಉಗುರಿನ ಕೆಲಸವನ್ನೇ ಮುಖ್ಯವಾಗಿ ಮಾಡುವವರಿಗೆ ಟೇಬಲ್ಲಿಗೇ ಕೂರಿಸುವ ಧೂಳೆಳೆಯುವ ಮೆಷಿನ್ ಸಿಗುತ್ತದೆ. ಫೈಲಿಂಗ್ ಧೂಳಿಗೆ ಒಳ್ಳೆಯದು. ಪಾಲಿಶ್ ತೆಗೆಯುವ ಅಸಿಟೋನ್‌ನ ಆವಿಗೆ ಅಲ್ಲ.

ಉಳಿದದ್ದು ಎಕ್ಸಾಸ್ಟ್ ಫ್ಯಾನ್. ಒಂದೂವರೆ ಎರಡು ಸಾವಿರ, ಗೋಡೆ ಕೊರೆಯಲು ಕೂಲಿ ಬೇರೆ. ಒಂದೇ ಸಲದ ಖರ್ಚು, ರೂಮಿನಲ್ಲಿರುವ ಎಲ್ಲರನ್ನೂ ಕಾಯುತ್ತದೆ, ಯಾರೂ ನೆನಪಿಟ್ಟು ಹಾಕಿಕೊಳ್ಳಬೇಕಾಗಿಲ್ಲ. ನಾಲ್ಕೂ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಇದೊಂದೇ. ಫ್ಯಾನಿನ ಡಬ್ಬಿ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಬರೆದಿರುತ್ತಾರೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ರೂಮಿನಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. 300 ಎಂದು ಬರೆದಿರುವ ಫ್ಯಾನ್ ಲೆಕ್ಕದ ಪ್ರಕಾರ ಗಂಟೆಗೆ ಎಂಟೊಂಬತ್ತು ಸಲ ಆ ಗಾಳಿ ಬದಲಿಸಬೇಕು. ನಿಜದಲ್ಲಿ ಕಮ್ಮಿಯೇ ಆಗುತ್ತದೆ, ಅದಕ್ಕೆ ಅದಕ್ಕಿಂತ ದೊಡ್ಡದೇ ನೋಡಿ.

ಫ್ಯಾನ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಕೂರಿಸುತ್ತೀರಿ ಎನ್ನುವುದು ಮುಖ್ಯ. ಸೌದೆ ಒಲೆ ಊದುವವರು ಹೊಗೆಗೆ ಎದುರಾಗಿ ಕೂರುವುದಿಲ್ಲ ಅಲ್ವಾ? ಹಾಗೇ ಇಲ್ಲೂ. ಹೊಸ ಗಾಳಿ ನಮ್ಮ ಬೆನ್ನ ಕಡೆಯಿಂದ ಬರಬೇಕು, ಗಿರಾಕಿಯ ತಲೆ ದಾಟಿ ಫ್ಯಾನಿಗೆ ಹೋಗಬೇಕು. ನಾವು ಗಿರಾಕಿಯ ಹಿಂದೆ ನಿಲ್ಲುವುದರಿಂದ ಕನ್ನಡಿ ಇರುವ ಗೋಡೆಯಲ್ಲೇ ಫ್ಯಾನ್ ಇದ್ದರೆ ಅನುಕೂಲ. ಗಾಳಿ ಒಳಗೆ ಬರಲು ದಾರಿಯೂ ಬೇಕು, ಬಾಗಿಲು ಗಟ್ಟಿಯಾಗಿ ಮುಚ್ಚಿದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಬಾಗಿಲ ಕೆಳಗೆ ಎರಡಿಂಚು ಸಂದಿ ಬಿಡಿಸಿದರೆ ಪರದೆ ಹಾಗೇ ಇರುತ್ತದೆ, ಗಾಳಿಯೂ ಬರುತ್ತದೆ.

ಸರಿಯಾಯಿತಾ ಎಂದು ನೋಡಲು ಊದುಬತ್ತಿ ಸಾಕು. ಮೊದಲು ಅಸಿಟೋನ್, ರಿಮೂವರ್, ಹೇರ್ ಸ್ಪ್ರೇ ಎಲ್ಲ ಹೊರಗಿಡಿ, ಬೆಂಕಿ ಹತ್ತುವ ವಸ್ತುಗಳು. ಎಸಿ, ಫ್ಯಾನ್ ಆರಿಸಿ, ಎಕ್ಸಾಸ್ಟ್ ಮಾತ್ರ ಹಾಕಿ. ಊದುಬತ್ತಿ ಹಚ್ಚಿ ಗಿರಾಕಿಯ ತಲೆ ಬರುವ ಎತ್ತರಕ್ಕೆ ಹಿಡಿದು, ನೀವು ಕೆಲಸ ಮಾಡುವ ಜಾಗದಲ್ಲೇ ನಿಲ್ಲಿ. ಹೊಗೆಯ ಎಳೆ ನಿಮ್ಮಿಂದ ದೂರಕ್ಕೆ ವಾಲಿದರೆ ಸರಿ. ನೇರ ಮೇಲಕ್ಕೆ ಹೋದರೆ ಫ್ಯಾನ್ ಸಾಲದು. ನಿಮ್ಮ ಮುಖಕ್ಕೇ ಬಂದರೆ ಕುರ್ಚಿ ತಿರುಗಿಸಿ. ನನ್ನ ಪಾರ್ಲರ್‌ನಲ್ಲಿ ಕುರ್ಚಿ ನಾಲ್ಕಡಿ ಸರಿಸಿದ್ದಕ್ಕೇ ಬಹಳ ವ್ಯತ್ಯಾಸ ಆಯಿತು. ಅದಕ್ಕೆ ಖರ್ಚೇ ಇಲ್ಲ.

ಮೂರನೇ ಆಯ್ಕೆ: ಗ್ಲೌಸ್

ಕಲರ್ ಪ್ಯಾಕೆಟ್ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಗ್ಲೌಸ್ ಜೊಳಜೊಳ ಇರುತ್ತದೆ, ಅಂಚಿನ ಹೊಲಿಗೆಯಲ್ಲಿ ಸೋರುತ್ತದೆ. ಮನೆಯಲ್ಲಿ ತಿಂಗಳಿಗೊಮ್ಮೆ ಹಚ್ಚುವವರಿಗೆ ನಡೆಯುತ್ತದೆ, ನಮಗಲ್ಲ. ವಿನೈಲ್ ಅಗ್ಗ. ಅರ್ಧ ಗಂಟೆಯ ಕಲರ್ ಕೆಲಸಕ್ಕೆ, ತಲೆ ತೊಳೆಯಲು ಪರವಾಗಿಲ್ಲ, ಆದರೆ ಬೇಗ ಹರಿಯುತ್ತದೆ. ಲೇಟೆಕ್ಸ್ ಕೈಗೆ ಹಿತವಾಗಿ ಕೂರುತ್ತದೆ, ಆದರೆ ರಬ್ಬರ್ ಹಾಲಿನ ಅಂಶಕ್ಕೇ ಕೆಲವರಿಗೆ ಅಲರ್ಜಿ ಬರುತ್ತದೆ, ಪೌಡರ್ ಹಾಕಿದ್ದಾದರೆ ಇನ್ನೂ ಕೆಟ್ಟದ್ದು.

ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ನನ್ನ ಆಯ್ಕೆ. ನೂರರ ಡಬ್ಬಿ ಐನೂರರ ಆಸುಪಾಸು, ಅಂದರೆ ಒಂದು ಜೊತೆಗೆ ಹತ್ತು ರೂಪಾಯಿ. ಒಂದು ಕಲರ್‌ಗೆ ನಾವು ತಗೊಳ್ಳುವ ದುಡ್ಡಿನಲ್ಲಿ ಹತ್ತು ರೂಪಾಯಿ ಲೆಕ್ಕಕ್ಕೆ ಬರುವುದಿಲ್ಲ. ಗ್ಲೌಸ್‌ನಲ್ಲಿ ಕೂದಲು ಸಿಕ್ಕಿಕೊಳ್ಳುತ್ತೆ ಎಂದು ಹುಡುಗಿಯರು ಬಿಚ್ಚಿಬಿಡುತ್ತಾರಲ್ಲ, ಅದು ಸೈಜ್ ತಪ್ಪಾದ್ದರಿಂದ. ಸಣ್ಣ ಕೈಯವರಿಗೆ ಸ್ಮಾಲ್ ಸೈಜೇ ತರಿಸಿ. ಮಣಿಕಟ್ಟಿನ ಮೇಲೂ ಬರುವ ಉದ್ದದ್ದು ಸಿಕ್ಕರೆ ತಗೊಂಡು ಅಂಚು ಹೊರಕ್ಕೆ ಮಡಚಿ, ಆಗ ತಲೆ ತೊಳೆಯುವಾಗ ನೀರು ತೋಳಿಗೆ ಇಳಿಯುವುದಿಲ್ಲ.

ನೈಟ್ರೈಲ್‌ಗೂ ಸೋಲುವ ಜಾಗ ಇದೆ. ಅಸಿಟೋನ್ ಅದನ್ನು ಬೇಗ ದಾಟುತ್ತದೆ. ಜೆಲ್ ಪಾಲಿಶ್, ನೈಲ್ ಎಕ್ಸ್‌ಟೆನ್ಷನ್‌ನಲ್ಲಿರುವ ಅಕ್ರಿಲೇಟ್ ಎಂಬ ಕೆಮಿಕಲ್ ಕೂಡ ತೆಳು ಗ್ಲೌಸ್ ದಾಟಿ ಬರುತ್ತದೆ. ಅದಕ್ಕೆ ಅಲರ್ಜಿ ಆದರೆ ಮುಂದೆ ಹಲ್ಲಿನ ಡಾಕ್ಟರ್ ಹತ್ತಿರ ಫಿಲ್ಲಿಂಗ್ ಮಾಡಿಸಿಕೊಳ್ಳುವಾಗಲೂ ತೊಂದರೆ ಕೊಡಬಹುದು. ಹಾಗಾಗಿ ಅಲ್ಲಿ ಉಪಾಯ ಬೇರೆ: ರಿಮೂವರ್ ಹತ್ತಿಯನ್ನು ಚಿಮುಟದಲ್ಲಿ ಹಿಡಿಯಿರಿ, ಜೆಲ್ ತಾಗಿದ ಗ್ಲೌಸ್ ತಕ್ಷಣ ಬದಲಿಸಿ, ಗಟ್ಟಿಯಾಗದ ಜೆಲ್ಲನ್ನು ಬೆರಳಿನಿಂದ ಒರೆಸಬೇಡಿ.

ಎರಡು ತಪ್ಪು ಎಲ್ಲಾ ಕಡೆ ಕಾಣುತ್ತೇನೆ. ಒಂದು, ಬಳಸಿದ ಗ್ಲೌಸ್ ತೊಳೆದು, ಒಳಹೊರಗೆ ತಿರುಗಿಸಿ ಒಣಗಿಸಿ ಮತ್ತೆ ಹಾಕುವುದು. ಕಲರ್ ಮೆತ್ತಿದ ಭಾಗ ಒಳಗೆ ಹೋಗುತ್ತದೆ, ಬೆವರಿನಲ್ಲಿ ಚರ್ಮಕ್ಕೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಇದಕ್ಕಿಂತ ಬರಿಗೈ ವಾಸಿ ಎನ್ನುವಷ್ಟು ಕೆಟ್ಟದ್ದು. ಎರಡನೆಯದು, ಕಲರ್ ತೊಳೆಯುವ ಹೊತ್ತಿಗೆ ಗ್ಲೌಸ್ ಬಿಚ್ಚಿ, ಒದ್ದೆ ಕೂದಲನ್ನು ಬರಿ ಬೆರಳಲ್ಲಿ ಹಿಡಿದು ಕಟ್ ಮಾಡುವುದು. ತೊಳೆದ ಕೂದಲಲ್ಲೂ ಬಣ್ಣದ ಅಂಶ ಉಳಿದಿರುತ್ತದೆ. ಮೊದಲು ಕಟ್, ಆಮೇಲೆ ಕಲರ್ ಎಂದು ಕ್ರಮ ತಿರುಗಿಸಿ. ಎಷ್ಟು ಸುಲಭ ನೋಡಿ.

ಬರೀ ನೀರು, ಶಾಂಪೂ ಏನು ಮಾಡುತ್ತೆ ಎನ್ನಬೇಡಿ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೈ ಒದ್ದೆ ಇರುವ ಕೆಲಸವನ್ನು ಜರ್ಮನಿಯ ನಿಯಮಗಳು ಚರ್ಮಕ್ಕೆ ಅಪಾಯದ ಕೆಲಸ ಎಂದೇ ಲೆಕ್ಕ ಹಾಕುತ್ತವೆ. ಹೊಸದಾಗಿ ಸೇರಿದ ಹುಡುಗಿಗೆ ನಾವು ಕೊಡುವುದು ತಲೆ ತೊಳೆಯುವ ಕೆಲಸವನ್ನೇ. ನೀರು, ಶಾಂಪೂ ಚರ್ಮದ ಎಣ್ಣೆ ತೆಗೆದು ಬಿರುಕು ಬಿಡಿಸುತ್ತವೆ. ಆ ಬಿರುಕಿನ ದಾರಿಯಲ್ಲಿ ಆಮೇಲೆ ಪಿಪಿಡಿ ಇಳಿಯುತ್ತದೆ. ನನಗೆ ಆದದ್ದೂ ಹೀಗೇ. ರಾತ್ರಿ ಮಲಗುವಾಗ ವಾಸನೆ ಇಲ್ಲದ ವ್ಯಾಸಲೀನ್ ದಪ್ಪಗೆ ಹಚ್ಚಿ. ಅದು ಗ್ಲೌಸ್‌ಗೆ ಬದಲಿ ಅಲ್ಲ, ಜೊತೆಗೆ.

ಮಾಸ್ಕ್ ಬಗ್ಗೆ

ಸರ್ಜಿಕಲ್ ಮಾಸ್ಕ್, ಬಟ್ಟೆ ಮಾಸ್ಕ್ ಎರಡೂ ಯಾವ ಕೆಮಿಕಲ್ ಆವಿಯನ್ನೂ ತಡೆಯುವುದಿಲ್ಲ. ಎನ್95 ಪುಡಿ, ಧೂಳನ್ನು ತಡೆಯುತ್ತದೆ, ಹಾಗಾಗಿ ಬ್ಲೀಚ್ ಪೌಡರ್ ಕಲಸುವಾಗ, ಉಗುರು ಫೈಲ್ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಸ್ಟ್ರೇಟನಿಂಗ್ ಹೊಗೆಗೆ ಬರುವುದಿಲ್ಲ. ಮಾಸ್ಕ್ ಇದೆ ಎಂಬ ಧೈರ್ಯದಲ್ಲಿ ಇನ್ನೂ ಹತ್ತಿರ ಬಗ್ಗುತ್ತೇವೆ, ಅದೇ ನನಗೆ ಭಯ.

ಆವಿಗೆ ಆಗುವುದು ಪಕ್ಕದಲ್ಲಿ ಕಾರ್ಟ್ರಿಜ್ ಸಿಕ್ಕಿಸುವ ರಬ್ಬರ್ ಮಾಸ್ಕ್, ಪೇಂಟಿಂಗ್‌ನವರು ಹಾಕುವಂಥದ್ದು. ಎರಡು ಮೂರು ಸಾವಿರ ಆಗುತ್ತದೆ, ಕಾರ್ಟ್ರಿಜ್ ಆಗಾಗ ಬದಲಿಸಬೇಕು, ಮುಖಕ್ಕೆ ಸಂದಿಯಿಲ್ಲದೆ ಕೂರಬೇಕು. ಕಾರ್ಟ್ರಿಜ್ ಮೇಲೆ ಫಾರ್ಮಾಲ್ಡಿಹೈಡ್‌ಗೆ ಎಂದು ಬರೆದಿರಲೇಬೇಕು, ಪೇಂಟ್ ಆವಿಯದು ಇದಕ್ಕೆ ಸಾಲದು. ಇದನ್ನು ಹಾಕಿಕೊಂಡು ಗಿರಾಕಿ ಜೊತೆ ಮಾತಾಡಲು ಆಗುವುದಿಲ್ಲ, ಸೆಖೆ ಬೇರೆ. ಅದೂ ಅಲ್ಲದೆ ಗಿರಾಕಿ ಮಾಸ್ಕ್ ಇಲ್ಲದೆ ಅದೇ ಹೊಗೆಯಲ್ಲಿ ಕೂತಿರುತ್ತಾರೆ. ಇಂಥ ಮಾಸ್ಕ್ ಬೇಕಾಗುವ ಕೆಲಸವನ್ನು ಪಾರ್ಲರ್‌ನಲ್ಲಿ ಮಾಡಲೇಬಾರದು ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಕೈಯಲ್ಲಿರುವ ದುಡ್ಡಿಗೆ

ಕೆಲಸಕ್ಕಿರುವ ಹುಡುಗಿ, ಐನೂರು ರೂಪಾಯಿ: ಗ್ಲೌಸ್ ಕೊಡಿಸುವುದು ಮಾಲೀಕರ ಕೆಲಸ, ಮೊದಲು ಕೇಳಿ. ಇಬ್ಬರು ಮೂವರು ಸೇರಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಕೊಡದಿದ್ದರೆ ಒಂದು ಡಬ್ಬಿ ನೈಟ್ರೈಲ್ ತಗೊಂಡು ಕಲರ್, ಬ್ಲೀಚ್, ರೀಬಾಂಡಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ. ಬೌಲ್, ಬ್ರಷ್ ತೊಳೆಯಲು ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್ ಒಂದು ಜೊತೆ ಸಾಕು. ಮಾಸ್ಕ್‌ಗೆ ದುಡ್ಡು ಹಾಕಬೇಡಿ. ಸ್ಟ್ರೇಟನಿಂಗ್ ದಿನ ಬಾಗಿಲ ಕಡೆ ಬೆನ್ನು ಬರುವಂತೆ ಕುರ್ಚಿ ತಿರುಗಿಸಿಕೊಳ್ಳಿ.

ಸಣ್ಣ ಪಾರ್ಲರ್, ಎರಡು ಮೂರು ಸಾವಿರ: ಎಕ್ಸಾಸ್ಟ್ ಫ್ಯಾನ್ ಮೊದಲು, ಉಳಿದದ್ದರಲ್ಲಿ ಗ್ಲೌಸ್. ಮಾಡುವುದು ಬರೀ ಥ್ರೆಡ್ಡಿಂಗ್, ವ್ಯಾಕ್ಸ್, ಕಲರ್ ಅಂತಾದರೆ ಇದನ್ನು ತಿರುವುಮುರುವು ಮಾಡಿ, ಗ್ಲೌಸೇ ಮೊದಲು.

ಹತ್ತು ಸಾವಿರ ಇದ್ದರೆ: ದೊಡ್ಡ ಎಕ್ಸಾಸ್ಟ್, ಕಿಟಕಿ ಪಕ್ಕ ಕೆಮಿಕಲ್ ಕಲಸಲು ಒಂದು ಸಣ್ಣ ಕಟ್ಟೆ, ಮುಚ್ಚಳ ಇರುವ ಕಸದ ಡಬ್ಬಿ, ಡಸ್ಟ್ ಫ್ರೀ ಬ್ಲೀಚ್, ಆರು ತಿಂಗಳ ಗ್ಲೌಸ್. ಒದ್ದೆ ಹತ್ತಿ, ಕಲರ್ ಮೆತ್ತಿದ ಫಾಯಿಲ್ ತೆರೆದ ಬುಟ್ಟಿಯಲ್ಲಿದ್ದರೆ ದಿನವಿಡೀ ಆವಿ ಬಿಡುತ್ತಲೇ ಇರುತ್ತದೆ.

ಮಾಲ್ ಒಳಗೆ, ಕಾಂಪ್ಲೆಕ್ಸ್‌ನ ನೆಲಮಾಳಿಗೆಯಲ್ಲಿ, ಹೊರಗೋಡೆಯೇ ಇಲ್ಲದ ಅಂಗಡಿ: ಎಕ್ಸಾಸ್ಟ್ ಪೈಪನ್ನು ಕಟ್ಟಡದ ಹೊರಗೆ ಒಯ್ಯಲು ಮಾಲೀಕರು ಒಪ್ಪಿದರೆ ಸರಿ. ಒಪ್ಪದಿದ್ದರೆ ಅಲ್ಲಿ ಸ್ಟ್ರೇಟನಿಂಗ್ ಬೇಡ. ಪ್ಯೂರಿಫೈಯರ್ ಇಟ್ಟು ಮಾಡುತ್ತೇನೆ ಅನ್ನಬೇಡಿ. ಹೊಸ ಅಂಗಡಿ ಬಾಡಿಗೆಗೆ ಹಿಡಿಯುವವರು ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಈಗಾಗಲೇ ತೊಂದರೆ ಇರುವವರು ಒಂದು ವಿಷಯ ಗಮನಿಸಿ. ರಜೆ ದಿನ, ಊರಿಗೆ ಹೋದಾಗ ಕೆಮ್ಮು ಅಥವಾ ಕೈ ತುರಿಕೆ ಕಮ್ಮಿಯಾಗಿ, ಕೆಲಸಕ್ಕೆ ಬಂದ ಮೇಲೆ ಮತ್ತೆ ಶುರುವಾದರೆ ಅದು ಕೆಲಸದಿಂದಲೇ ಇರಬಹುದು. ಡಾಕ್ಟರಿಗೆ ಹಾಗೆಯೇ ಹೇಳಿ. ಬಳಸುವ ಪ್ಯಾಕೆಟ್‌ಗಳ ಹಿಂಭಾಗದ ಫೋಟೋ ತೋರಿಸಿ, ಯಾವುದಕ್ಕೆ ಅಲರ್ಜಿ ಎಂದು ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡಿ ಕಂಡುಹಿಡಿಯಬಹುದು. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಅಲ್ಲಿಗೇ ಹೋಗಿ, ಚೀಟಿಯಲ್ಲಿ ನಿಮ್ಮ ಕೆಲಸ ಏನು ಎಂದು ಬರೆಸಿ. ಸುಮ್ನೆ ಸ್ಟಿರಾಯ್ಡ್ ಕ್ರೀಮ್ ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಾ ಅದೇ ಬರಿಗೈಯಲ್ಲಿ ಕಲರ್ ಕಲಸಬೇಡಿ.

ಹಾಸನದವರು ಮೊನ್ನೆ ಒಂದು ವಿಡಿಯೋ ಕಳಿಸಿದರು. ಕನ್ನಡಿ ಪಕ್ಕ ಹೊಸ ಎಕ್ಸಾಸ್ಟ್, ಅವರ ಕೈಯಲ್ಲಿ ಊದುಬತ್ತಿ. ಹೊಗೆ ಕುರ್ಚಿ ದಾಟಿ ನೇರ ಫ್ಯಾನಿಗೆ ಹೋಗುತ್ತಿದೆ. ದಾವಣಗೆರೆಯ ಹುಡುಗಿ ಗ್ಲೌಸ್ ತಗೊಂಡಿದ್ದಾಳೆ, ಸ್ಮಾಲ್ ಸೈಜು. ಇನ್ನಿಬ್ಬರ ಜೊತೆ ಸೇರಿ ಮೇಡಂ ಹತ್ತಿರ ಮಾತಾಡುತ್ತೇನೆ ಎಂದಿದ್ದಾಳೆ, ಈ ವಾರ.